ಒಂದೇ ಸಾಲಿನಲ್ಲಿ ಆರು ಏಳು

ಕಾರ್ಡಿನ ಮೇಲೆ ಆರು ಅಂಕಿಗಳಿದ್ದವು. ಆರೂ ಏಳೇ.

ಏಳು, ಏಳು, ಏಳು, ಏಳು, ಏಳು, ಏಳು. ಕೆಳಗೆ ಗೆರೆ ಎಳೆದು, ಒಟ್ಟು ನಲವತ್ತೆರಡು.

ನಾನಿನ್ನೂ ಏದುಸಿರು ಬಿಡುತ್ತಿದ್ದೆ. ಮೂರು ನಿಮಿಷ ಬೆಂಚು ಹತ್ತಿ ಇಳಿದು, ಹತ್ತಿ ಇಳಿದು, ಆಗಷ್ಟೇ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಬಲಗೈ ಮಣಿಕಟ್ಟು ಹಿಡಿದು ನಾಡಿ ಎಣಿಸಿದ ಹುಡುಗ ತನ್ನ ಕಾರ್ಡಿನಲ್ಲಿ ನೂರ ಮೂವತ್ತೆರಡು ಎಂದು ಬರೆದುಕೊಟ್ಟಿದ್ದ. ಎಡಗೈ ಹಿಡಿದಿದ್ದ ಹುಡುಗಿಯ ಕಾರ್ಡಿನಲ್ಲಿ ನಲವತ್ತೆರಡು. ಇರುವುದು ಒಂದೇ ಎದೆ, ಎಣಿಸಿದ್ದು ಒಂದೇ ಹೊತ್ತಿನಲ್ಲಿ. ಬಲಗೈಗೊಂದು ಲೆಕ್ಕ, ಎಡಗೈಗೊಂದು ಲೆಕ್ಕ ಕೊಡುವ ಎದೆಯನ್ನು ದೇವರು ಇನ್ನೂ ಮಾಡಿಲ್ಲ.

"ಏನಮ್ಮಾ ಇದು? ನಾಡಿ ಎಣಿಸು ಅಂದ್ರೆ ಜಪ ಮಾಡ್ಕೊಂಡು ಕೂತಿದ್ಯಾ?" ಎಂದೆ.

ಗೋಡೆಗೆ ಒರಗಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗಿ ನಗಲಿಲ್ಲ. ಅವಳ ಎರಡು ಬೆರಳು ಇನ್ನೂ ನನ್ನ ಮಣಿಕಟ್ಟಿನ ಮೇಲೇ ಇದ್ದವು.

ನಾನು ವಿಶ್ವವಿದ್ಯಾಲಯದ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನ ವಿಭಾಗದಲ್ಲಿ ಪಾಠ ಹೇಳಲು ತೊಡಗಿ ಇಪ್ಪತ್ತಾರು ವರ್ಷ. ಅದಕ್ಕೆ ಮೊದಲು ದೂರದ ಓಟಗಾರ. ಓಡಿ ಓಡಿ ಪಳಗಿದ ಎದೆ ಬಿಡುವಿನಲ್ಲಿ ನಿಧಾನವಾಗಿ ಬಡಿಯುತ್ತದೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುವ ಬಲ ಬಂದಿರುತ್ತದೆ, ಅದಕ್ಕೆ ಆತುರ ಬೇಕಿಲ್ಲ. ಬೇರೆಯವರದು ಎಪ್ಪತ್ತು ಬಡಿದರೆ ನನ್ನದು ನಲವತ್ತು. ಪ್ರತಿ ವರ್ಷ ಹೊಸ ಮಕ್ಕಳು ಬಂದ ದಿನ ನಾನು ಮಾಡುತ್ತಿದ್ದ ಮೊದಲ ಕೆಲಸ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚುವುದು. "ಬನ್ನಿ, ಎಣಿಸಿ." ಎಣಿಸಿದವರು ಕಣ್ಣರಳಿಸುತ್ತಿದ್ದರು. ನಲವತ್ತು ಮೇಷ್ಟ್ರು ಎಂದು ನನಗೆ ಹೆಸರಿಟ್ಟಿದ್ದರು. ಆ ಹೆಸರು ಬೆನ್ನ ಹಿಂದೆ ಕೇಳಿದಾಗ ಕೇಳಿಸದವನಂತೆ ನಡೆದುಹೋಗಿ, ಮೂಲೆ ತಿರುಗಿದ ಮೇಲೆ ಒಬ್ಬನೇ ನಗುತ್ತಿದ್ದೆ.

ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ನನಗೊಂದು ಅಭ್ಯಾಸವಿತ್ತು. ಕಣ್ಣು ಮುಚ್ಚಿ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಒಂದೊಂದು ಬಡಿತಕ್ಕೆ ಒಂದೊಂದು ಸಲ ದೇವರ ಹೆಸರು ಹೇಳುವುದು. ನಿಮಿಷಕ್ಕೆ ನಲವತ್ತು ಹೆಸರು. ಇಷ್ಟು ಸಾವಧಾನದ ಎದೆ ಕೊಟ್ಟೆಯಲ್ಲಾ ತಂದೆ ಎಂದು ಕೈ ಮುಗಿದು ಏಳುತ್ತಿದ್ದೆ. ನನ್ನ ಹೆಂಡತಿ ಇದನ್ನು ನೋಡಿ ನೋಡಿ ಸಾಕಾಗಿ ಒಮ್ಮೆ ಅಂದಿದ್ದಳು: "ರೀ, ನಿಮ್ಮ ನಾಡಿ ನಲವತ್ತು, ನನ್ನ ಬಿಪಿ ನೂರ ನಲವತ್ತು. ಒಟ್ಟು ಸಂಸಾರ ಸರಾಸರಿಯಲ್ಲಿ ಸರಿಯಾಗಿದೆ ಬಿಡಿ."

ಎಡಗೈ ಹಿಡಿದ ಹುಡುಗಿಯ ವಿಷಯ ಹೇಳಬೇಕು. ಮಕ್ಕಳು ಅವಳನ್ನು ಒಂದ್ನಿಮಿಷ ಎಂದೇ ಕರೆಯುತ್ತಿದ್ದರು. ಅವಳು ನಡಿಗೆ ಪಂದ್ಯದವಳು. ಆ ಪಂದ್ಯದಲ್ಲಿ ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟರೆ ಓಡಿದ ಹಾಗೆ, ಹೊರಗೆ ಹಾಕುತ್ತಾರೆ. ಅದಕ್ಕೋ ಏನೋ, ಅವಳಿಗೆ ಒಂದು ಹೆಜ್ಜೆ ಗಟ್ಟಿಯಾಗಿ ಊರದೆ ಇನ್ನೊಂದು ಎತ್ತುವ ಸ್ವಭಾವವೇ ಇರಲಿಲ್ಲ. ಏನು ಕೇಳಿದರೂ "ಒಂದ್ನಿಮಿಷ ಸಾರ್" ಎನ್ನುವಳು, ಆ ನಿಮಿಷವನ್ನು ನಿಜವಾಗಿ ಪೂರ್ತಿ ತೆಗೆದುಕೊಳ್ಳುವಳು. ಹಿಂದಿನ ವರ್ಷ ಪ್ರಾಕ್ಟಿಕಲ್‌ನಲ್ಲಿ ಹೊತ್ತು ಸಾಲದೆ ಫೇಲಾಗಿದ್ದಳು. ಈ ಸಲವೂ ಹೋದರೆ ಕೋರ್ಸಿನಿಂದಲೇ ಹೊರಗೆ, ನಿಯಮ ಹಾಗಿತ್ತು. ಅವಳಿಗೂ ಗೊತ್ತು, ನನಗೂ ಗೊತ್ತು.

ಹಾಗೆಂದೇ ಅವಳನ್ನು ನಾನು ಕೈ ಹಿಡಿದು ಮೇಲೆತ್ತಲು ಹೊರಟಿದ್ದೆ. ಮೆಟ್ಟಿಲು ಪರೀಕ್ಷೆ ನಮ್ಮಲ್ಲಿ ಅ ಆ ಇ ಈ ಇದ್ದಂತೆ. ಮೊಣಕಾಲೆತ್ತರದ ಬೆಂಚು, ಟಿಕ್ ಟಿಕ್ ಎಂದು ತಾಳ ಹಾಕುವ ಪುಟ್ಟ ಯಂತ್ರ, ಆ ತಾಳಕ್ಕೆ ಮೂರು ನಿಮಿಷ ಹತ್ತಿಳಿಯುವುದು, ಕೂತ ತಕ್ಷಣ ನಾಡಿ ನೋಡುವುದು. ಗುರುವಾರ ಗುರುವಾರ ತರಗತಿಯಲ್ಲಿ ನಾನೇ ಹತ್ತಿ ತೋರಿಸುತ್ತಿದ್ದೆ. ಬಲಗೈ ಸರದಿಯ ಮೇಲೆ ಒಬ್ಬೊಬ್ಬರಿಗೆ. ಎಡಗೈ ಮಾತ್ರ ಪ್ರತಿ ವಾರವೂ ಒಂದ್ನಿಮಿಷಳಿಗೆ. "ಇವಳಿಗೆ ಅಭ್ಯಾಸ ಬೇಕು, ಈ ಕೈ ಇವಳಿಗೆ ಬರೆದುಕೊಟ್ಟಿದ್ದೀನಿ" ಎಂದು ತಮಾಷೆ ಮಾಡುತ್ತಿದ್ದೆ.

ಹತ್ತುವ ಮುಂಚೆ ಬೋರ್ಡಿನ ಮೇಲೆ ನನ್ನ ವಯಸ್ಸು ಬರೆದು, ಪಕ್ಕದಲ್ಲಿ 'ಬರಬೇಕಾದದ್ದು: ನೂರಿಪ್ಪತ್ತರಿಂದ ನೂರ ಮೂವತ್ತಾರು' ಎಂದೂ ಬರೆಯುತ್ತಿದ್ದೆ. ಮಕ್ಕಳಿಗೆ ಅನುಕೂಲವಾಗಲಿ ಎಂದು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ದುಡಿದ ಮೇಲೆ ನಾಡಿಯನ್ನು ಹತ್ತೇ ಸೆಕೆಂಡು ಎಣಿಸಬೇಕು, ಆರರಿಂದ ಗುಣಿಸಬೇಕು. ಪೂರ್ತಿ ನಿಮಿಷ ಎಣಿಸುತ್ತಾ ಕೂತರೆ ಅಷ್ಟರಲ್ಲಿ ಎದೆ ತಣ್ಣಗಾಗುತ್ತದೆ, ಲೆಕ್ಕ ಕೆಡುತ್ತದೆ. ಇದನ್ನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ. "ಮೊದಲ ಹತ್ತು ಸೆಕೆಂಡು ನಂಗೆ ನಂಬಿಕೆ ಬರಲ್ಲ ಸಾರ್" ಎಂದು ಅವಳು ಹತ್ತು ಹತ್ತು ಸೆಕೆಂಡಿನ ಆರು ಅಂಕಿ ಬೇರೆ ಬೇರೆ ಬರೆಯುತ್ತಿದ್ದಳು. ಮೊದಮೊದಲು ಆ ಅಂಕಿಗಳು ಚೆನ್ನಾಗಿಯೇ ಇಳಿಯುತ್ತಿದ್ದವು. ಇಪ್ಪತ್ತೊಂದು, ಹತ್ತೊಂಬತ್ತು, ಹದಿನೇಳು, ಹದಿನಾರು ಎಂದು, ದಣಿದವನು ನೆರಳಲ್ಲಿ ಕೂತು ಸುಧಾರಿಸಿಕೊಂಡಂತೆ. ಆಮೇಲೆ ಒಂದು ಗುರುವಾರ ಏಳರ ಸಾಲು ಶುರುವಾಯಿತು. ಅವಳ ಬೆರಳು ಕೆಟ್ಟಿತು ಎಂದು ನಾನು ಕೆಂಪು ಪೆನ್ನು ಎತ್ತಿಕೊಂಡೆ.

ಈಗ ಪರೀಕ್ಷೆಯ ದಿನವೂ ಅದೇ ಸಾಲು. ಬೆಂಚು ಹತ್ತಲು ಬರಬೇಕಿದ್ದ ಹಾಕಿ ಆಟಗಾರ ಕಾಲು ಉಳುಕಿಸಿಕೊಂಡಿದ್ದ. ಕೊನೆಯ ಜೋಡಿಗೆ ನಾನೇ ಹತ್ತುತ್ತೇನೆಂದು ಹೊರಟಿದ್ದೆ. ಬಲಗೈಗೆ ಬಂದವನು ತರಗತಿಯ ಲೀಡರ್. ಎಂಟುನೂರು ಮೀಟರ್ ಓಟದಲ್ಲಿ ಮುಂದು, ಓದಿನಲ್ಲಿ ಮುಂದು, ನಾನು ಬಾಯಿ ಬಿಡುವ ಮುಂಚೆ ಉತ್ತರ ಹೇಳುವವನು.

"ನೋಡಮ್ಮ, ಕೂತಿರೋ ಮನುಷ್ಯನ ನಾಡಿ ಇದು. ನಾನು ಮೂರು ನಿಮಿಷ ಹತ್ತಿ ಇಳಿದಿದ್ದೀನಿ. ನಲವತ್ತೆರಡು ಹೇಗೆ ಬರತ್ತೆ?"

"ಹೇಗೆ ಬರತ್ತೆ ಅಂತ ಗೊತ್ತಿಲ್ಲ ಸಾರ್. ಬಂದಿದ್ದು ಅಷ್ಟೇ."

"ಪಕ್ಕದವನಿಗೆ ನೂರ ಮೂವತ್ತೆರಡು ಸಿಕ್ಕಿದೆ."

"ಅವನ ಬೆರಳಿನ ವಿಷಯ ಅವನನ್ನೇ ಕೇಳಿ ಸಾರ್."

ಲೀಡರ್ ತಲೆ ತಗ್ಗಿಸಿ ಸ್ಟಾಪ್‌ವಾಚಿನ ಗುಂಡಿ ಒತ್ತುತ್ತಾ ನಿಂತ. ಅದನ್ನು ನಾನು ವಿನಯ ಎಂದುಕೊಂಡೆ.

"ಕೊನೇ ಸಲ ಕೇಳ್ತೀನಿ. ತಿದ್ದಿ ಬರೀತೀಯೋ ಇಲ್ವೋ? ಸೊನ್ನೆ ಹಾಕಿದ್ರೆ ಏನಾಗತ್ತೆ ಅಂತ ನಿಂಗೆ ಗೊತ್ತು."

"ಗೊತ್ತು ಸಾರ್." ಅವಳು ನನ್ನ ಮಣಿಕಟ್ಟು ಬಿಟ್ಟಳು. "ಮನೇಲಿ ಅಪ್ಪನಿಗೆ ಏನ್ ಹೇಳ್ಲಿ ಅಂತ ಈಗ್ಲೇ ಯೋಚ್ನೆ ಮಾಡ್ತಿದ್ದೀನಿ. ಆದ್ರೂ ಏಳು ಸಿಕ್ಕಿದ್ದನ್ನ ಇಪ್ಪತ್ತೆರಡು ಅಂತ ಬರೆಯಕ್ಕೆ ಕೈ ಏಳಲ್ಲ."

ನಾನು ಅಂಕಪಟ್ಟಿ ತೆಗೆದು ಅವಳ ಸಂಖ್ಯೆಯ ಮುಂದೆ ಸೊನ್ನೆ ಬರೆದೆ. ಲೀಡರ್‌ಗೆ ಹತ್ತಕ್ಕೆ ಹತ್ತು. ಕೆಳಗೆ ಸಹಿ ಹಾಕಿದೆ. ಪಟ್ಟಿ ನಾಲ್ಕು ಗಂಟೆಗೆ ಪರೀಕ್ಷಾ ಕಚೇರಿ ಸೇರಬೇಕಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಬಹುಶಃ ಹೇಳಲು ನಾನಿರುತ್ತಿರಲಿಲ್ಲ. ಆದರೆ ನನ್ನೊಳಗಿನ ಮೇಷ್ಟ್ರಿಗೆ ಗೆದ್ದದ್ದು ಸಾಲದು, ಎಲ್ಲರೆದುರು ಗೆಲ್ಲಬೇಕು. "ಅಕ್ಕಾ, ಇಸಿಜಿ ಮೆಷಿನ್ ತಳ್ಕೊಂಡು ಬನ್ನಿ. ಈ ಹುಡುಗಿಗೆ ಅದರ ಬಾಯಲ್ಲೇ ಹೇಳಿಸೋಣ" ಎಂದು ಅಟೆಂಡರಕ್ಕನನ್ನು ಕೂಗಿದೆ.

ಅಟೆಂಡರಕ್ಕ ಆ ಲ್ಯಾಬಿಗೆ ನನಗಿಂತ ಹಳಬರು. ಎದೆಯ ಮೇಲೆ ಅಂಟುಬಿಲ್ಲೆ ಹಚ್ಚಿ, ವೈರು ಸಿಕ್ಕಿಸಿ, ನನ್ನ ಮುಖವನ್ನೇ ನೋಡಿದರು. "ಸಾರ್, ಮುಖ ಯಾಕೋ ಬಿಳಿಚ್ಕೊಂಡಿದೆ. ನಾಳೆ ಹತ್ತಿದ್ರಾಯ್ತಲ್ಲ?"

"ನಾಳೆ ಯಾಕೆ? ಇವತ್ತಿನ ಅನುಮಾನ ಇವತ್ತೇ ತೀರಲಿ."

ಹತ್ತಿದೆ. ಟಿಕ್, ಟಿಕ್. ಎರಡನೇ ನಿಮಿಷಕ್ಕೆ ಕಿಟಕಿಯ ಚೌಕಟ್ಟು ಸ್ವಲ್ಪ ಓರೆಯಾಯಿತು. ಈಚೆಗೆ ಹಾಗಾಗುತ್ತಿತ್ತು. ಮನೆಯ ಮೆಟ್ಟಿಲ ನಡುವೆ ನಿಂತುಬಿಡುತ್ತಿದ್ದೆ. ಹೆಂಡತಿ ಮೇಲಿನಿಂದ, "ಏನ್ರೀ ಅಲ್ಲೇ ನಿಂತ್ರಿ?" ಎಂದರೆ, "ದೇವರ ಧ್ಯಾನ" ಎನ್ನುತ್ತಿದ್ದೆ. "ದೇವರು ಒಂಬತ್ತನೇ ಮೆಟ್ಟಿಲಲ್ಲೇ ಇರ್ತಾನಾ ದಿನಾ?" ಎಂದು ಅವಳು. ನಿದ್ದೆ ಸಾಲದು, ವಯಸ್ಸಾಯಿತು ಎಂದುಕೊಂಡಿದ್ದೆ. ಎದೆಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ನಲವತ್ತು ಹೆಸರು ಸರಿಯಾಗಿ ಬರುತ್ತಿತ್ತಲ್ಲ!

ಮೂರು ನಿಮಿಷ ಮುಗಿಸಿ ಕುರ್ಚಿಗೆ ಕುಸಿದೆ. ಪರದೆ ನನ್ನ ಬೆನ್ನ ಹಿಂದಿತ್ತು. ಎದುರಿಗೆ ಮಕ್ಕಳ ಮುಖಗಳಿದ್ದವು. ನಗಲು ಸಿದ್ಧವಾಗಿ ಬಿರಿದಿದ್ದ ತುಟಿಗಳು ಹಾಗೇ ನಿಂತುಹೋದವು.

"ಎಷ್ಟು?" ಎಂದೆ.

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು.

"ಎಷ್ಟು ಅಂತ ಕೇಳಿದೆ."

"ನಲವತ್ತೊಂದು ಸಾರ್" ಎಂದರು ಅಟೆಂಡರಕ್ಕ.

"ವೈರ್ ಸಡಿಲ ಆಗಿದೆ. ಬದಲಾಯಿಸಿ."

ಬದಲಾಯಿಸಿದರು. ನಲವತ್ತೊಂದು. ಬಿಲ್ಲೆ ಕಿತ್ತು ಹೊಸದು ಹಚ್ಚಿದರು. ನಲವತ್ತೊಂದು. ನಾನು ಕುರ್ಚಿಯನ್ನೇ ತಿರುಗಿಸಿ ಪರದೆ ನೋಡಿದೆ.

ಇಪ್ಪತ್ತಾರು ವರ್ಷ ಆ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿದವನು ನಾನು. ಎದೆ ಎಂದರೆ ಎರಡಂತಸ್ತಿನ ಮನೆ ಮಕ್ಕಳೇ, ಮೇಲಿನವರು ಕೂಗುತ್ತಾರೆ, ಕೆಳಗಿನವರು ಓಗೊಡುತ್ತಾರೆ. ಸಣ್ಣ ಗುಡ್ಡ ಕೂಗು, ಚೂಪು ಶಿಖರ ಓಗೊಡುವುದು ಎಂದು ಹೇಳಿಕೊಡುತ್ತಿದ್ದೆ. ಕೊನೆಯಲ್ಲಿ ದನಿ ತಗ್ಗಿಸಿ, ಒಮ್ಮೊಮ್ಮೆ ನಡುವಿನ ದಾರಿ ಕಡಿದುಹೋಗುತ್ತದೆ ಎನ್ನುತ್ತಿದ್ದೆ. ಆಗ ಮೇಲಿನವರು ಕೂಗುತ್ತಲೇ ಇರುತ್ತಾರೆ, ಕೆಳಗಿನವರಿಗೆ ಕೇಳುವುದೇ ಇಲ್ಲ. ಅವರು ತಮ್ಮ ಪಾಡಿಗೆ ನಿಮಿಷಕ್ಕೆ ನಲವತ್ತು ಹೆಜ್ಜೆ ಹಾಕುತ್ತಿರುತ್ತಾರೆ, ಯಾವ ಗಳಿಗೆಯಲ್ಲಾದರೂ ಕೂತುಬಿಡಬಹುದು.

ಪರದೆಯ ಮೇಲೆ ಸಣ್ಣ ಗುಡ್ಡಗಳು ಧಾವಿಸುತ್ತಿದ್ದವು, ನಿಮಿಷಕ್ಕೆ ನೂರ ಮೂವತ್ತರ ಮೇಲೆ. ಲೀಡರ್ ಬರೆದ ಸಂಖ್ಯೆ ಅಲ್ಲಿ, ಮೇಲಂತಸ್ತಿನಲ್ಲಿ ಇತ್ತು; ಮಣಿಕಟ್ಟಿನವರೆಗೆ ಅದು ಇಳಿದು ಬಂದಿರಲೇ ಇಲ್ಲ. ಶಿಖರಗಳು ಮಾತ್ರ ಯಾರ ಗೊಡವೆಯೂ ಇಲ್ಲದೆ, ದೂರ ದೂರ, ಒಂದೇ ಅಳತೆಯಲ್ಲಿ ನಡೆಯುತ್ತಿದ್ದವು. ಹತ್ತು ಸೆಕೆಂಡಿಗೆ ಏಳು. ಹತ್ತು ಸೆಕೆಂಡಿಗೆ ಏಳು.

ಅದು ನನ್ನ ಎದೆ ಎಂದು ನಂಬಲು ಆಗಲಿಲ್ಲ. ದಿನವೂ ದೇವರ ಹೆಸರು ಹೇಳಿಸಿದ ಎದೆ. ಬಿಡುವಿನಲ್ಲಿ ಮೊದಲೂ ನಲವತ್ತು, ಈಗಲೂ ನಲವತ್ತು. ಬಾಗಿಲಿಗೆ ಅದೇ ಬೀಗ ಇದ್ದುದರಿಂದ ಒಳಗಿನ ಯಜಮಾನ ಎದ್ದುಹೋದದ್ದು ನನಗೆ ತಿಳಿದಿರಲಿಲ್ಲ.

"ಸಾರ್," ಎಂದ ಲೀಡರ್. ಅದು ಅವನದೇ ದನಿ ಅನ್ನಿಸಲಿಲ್ಲ. "ನಂಗೂ ಏಳೇ ಸಿಕ್ಕಿದ್ದು."

ನಾನು ಅವನತ್ತ ನೋಡಿದೆ.

"ಏಳು ಸಿಕ್ತು. ಅದು ಹೇಗೆ ಸಾಧ್ಯ, ನಾನೇ ಬಿಟ್ಟಿರ್ಬೇಕು ಅಂದ್ಕೊಂಡೆ. ಇಪ್ಪತ್ತೆರಡು ಇರ್ಬೇಕಿತ್ತು. ಅದ್ಕೇ ಇಪ್ಪತ್ತೆರಡು ಅಂತಾನೇ ಬರೆದೆ."

ಗೋಡೆಯ ಬಳಿಯಿಂದ ಇನ್ನೊಬ್ಬಳು, "ನಂಗೂ ಹೋದ ವಾರ ಸಿಕ್ಕಿದ್ದು ಏಳೋ ಎಂಟೋ ಸಾರ್. ಬೋರ್ಡ್ ನೋಡಿ ಬರೆದೆ" ಎಂದಳು. ಅವಳ ಪಕ್ಕದವನು ಕೈ ಎತ್ತಿದ. ಆಮೇಲೆ ಮತ್ತೊಂದು ಕೈ. ಮತ್ತೊಂದು. ಇನ್ನೂ ಒಂದು. ಅವಳೂ ಸೇರಿ ಐವರು. ಐದು ಗುರುವಾರ, ಐದು ಮಕ್ಕಳು ನನ್ನ ಬಲಗೈ ಹಿಡಿದು, ಎದೆಯ ದಾರಿ ಕಡಿದ ಸುದ್ದಿಯನ್ನು ಬೆರಳ ತುದಿಯಲ್ಲಿ ಕೇಳಿ, ನನ್ನ ಬೋರ್ಡು ನೋಡಿ, ನನಗೆ ಬೇಕಾದದ್ದನ್ನು ಬರೆದುಕೊಟ್ಟಿದ್ದರು. ನಾನು ಐವರಿಗೂ ಹತ್ತಕ್ಕೆ ಹತ್ತು ಕೊಟ್ಟಿದ್ದೆ.

ಎದ್ದು ನಿಲ್ಲಲು ಹೋದೆ. ಏಕೆ ಎದ್ದೆನೋ ತಿಳಿಯದು.

"ಕೂತ್ಕೊಳ್ಳಿ ಸಾರ್!" ಒಂದ್ನಿಮಿಷ ಗದರಿದಳು. ಅವಳ ಬಾಯಲ್ಲಿ ಅಂಥ ದನಿ ನಾನು ಕೇಳಿರಲಿಲ್ಲ. "ಒಂದು ಹೆಜ್ಜೇನೂ ಇಡ್ಬೇಡಿ. ಅಕ್ಕಾ, ಆಂಬುಲೆನ್ಸ್‌ಗೆ ಫೋನ್ ಮಾಡಿ. ವೈರ್ ತೆಗೀಬೇಡಿ, ಹಾಗೇ ಇರ್ಲಿ."

ಅವಳು ನನ್ನ ಎಡಗೈಯನ್ನು ಮತ್ತೆ ಹಿಡಿದಳು. ಆಸ್ಪತ್ರೆ ಸೇರುವವರೆಗೆ ಬಿಡಲಿಲ್ಲ. ಆಂಬುಲೆನ್ಸಿನಲ್ಲಿ ಅವಳ ತುಟಿಗಳು ಅಲುಗುತ್ತಲೇ ಇದ್ದವು. ಎಣಿಸುತ್ತಿದ್ದಾಳೋ, ಪ್ರಾರ್ಥನೆ ಮಾಡುತ್ತಿದ್ದಾಳೋ ಎಂದು ಮಲಗಿದಲ್ಲಿಂದಲೇ ನೋಡಿದೆ. ಅವಳಿಗೆ ಎರಡೂ ಒಂದೇ ಇರಬಹುದು ಅನ್ನಿಸಿತು. ನನ್ನ ಇನ್ನೊಂದು ಕೈ ಅಂಕಪಟ್ಟಿಯ ಫೈಲನ್ನು ಅವುಚಿಕೊಂಡಿತ್ತು. ಅದನ್ನು ಯಾರು ಕೊಟ್ಟರು, ಯಾವಾಗ ಹಿಡಿದುಕೊಂಡೆ, ನನಗೆ ನೆನಪೇ ಇಲ್ಲ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಮ್ಮ ಇಸಿಜಿಯ ಉದ್ದನೆಯ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ನನ್ನ ಹೆಂಡತಿ ಅಷ್ಟರಲ್ಲಿ ಬಂದಿದ್ದಳು, ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು. ಮಾತುಗಾರ್ತಿ ಅವಳು, ಆವತ್ತು ಮಂಚದ ಕಂಬಿ ಹಿಡಿದು ಸುಮ್ಮನೆ ನಿಂತಿದ್ದಳು. ಅದನ್ನು ನೋಡಿಯೇ ನನಗೆ ಹೆದರಿಕೆ ಹೆಚ್ಚಾಯಿತು.

"ಇದು ಯಾವಾಗಿನಿಂದ ಹೀಗಿದೆ?" ಎಂದರು ಡಾಕ್ಟರಮ್ಮ.

ವಾರ ವಾರವೂ ಇಬ್ಬರಿಂದ ನಾಡಿ ಎಣಿಸಿಕೊಂಡ ಮನುಷ್ಯ ನಾನು. ಈ ಊರಿನಲ್ಲಿ ನನ್ನಷ್ಟು ಸಲ ಎದೆಯ ಲೆಕ್ಕ ಬರೆಸಿದವರು ಯಾರಿದ್ದಾರೆ? ಲೀಡರ್ ಹಿಂದಿನಿಂದಲೇ ಓಡಿ ಬಂದಿದ್ದ, ಲ್ಯಾಬಿನ ಬಲಗೈ ಕಾರ್ಡುಗಳ ಪೆಟ್ಟಿಗೆ ಹಿಡಿದುಕೊಂಡು. ಡಾಕ್ಟರಮ್ಮ ಒಂದೊಂದೇ ಕಾರ್ಡು ತಿರುವಿದರು. ನೂರಿಪ್ಪತ್ತಾರು. ನೂರಿಪ್ಪತ್ತು. ನೂರ ಮೂವತ್ತೆರಡು. ನೂರಿಪ್ಪತ್ತಾರು.

"ಇದನ್ನ ನಂಬೋದಾದ್ರೆ ನಿಮಗೆ ಏನೂ ಆಗಿಲ್ಲ, ಎದ್ದು ಮನೆಗೆ ಹೋಗ್ಬಹುದು" ಎಂದು ಕಾರ್ಡುಗಳನ್ನು ಹಾಗೇ ಪೆಟ್ಟಿಗೆಗೆ ಹಾಕಿದರು.

ಲೀಡರ್ ಗೋಡೆ ಕಡೆ ತಿರುಗಿ ನಿಂತ.

"ಒಂದ್ನಿಮಿಷ ಮೇಡಂ" ಎಂದು ಹುಡುಗಿ ಚೀಲದಿಂದ ತನ್ನ ರೆಕಾರ್ಡ್ ಪುಸ್ತಕ ತೆಗೆದಳು. ಮೂಲೆ ಮಡಚಿದ, ನೀಲಿ ರಟ್ಟಿನ ಪುಸ್ತಕ. ಗುರುವಾರದ ಪುಟ ತೆರೆದು ಕೊಟ್ಟಳು. ಡಾಕ್ಟರಮ್ಮ ಕನ್ನಡಕ ಏರಿಸಿದರು. ಮೊದಲ ನಾಲ್ಕು ವಾರ ಅಂಕಿಗಳು ಇಳಿಜಾರಿನಲ್ಲಿ ಇಳಿದಿದ್ದವು, ಪಕ್ಕದಲ್ಲಿ ನನ್ನ ಸರಿ ಗುರುತು. ಐದನೇ ವಾರದಿಂದ ಏಳರ ಸಾಲು. ಅದರ ಪಕ್ಕದಲ್ಲಿ ನನ್ನದೇ ಕೆಂಪು ಅಕ್ಷರ: 'ಮತ್ತೆ ಎಣಿಸು.' ಮರುವಾರ: 'ಬೆರಳು ಜಾರಿದೆ.' ಅದರ ಮರುವಾರ: 'ಗಮನ ಎಲ್ಲಿದೆ?' ನಾಲ್ಕನೆಯದು: 'ಹೀಗೂ ಉಂಟೆ!' ಐದನೆಯದರಲ್ಲಿ ಅಕ್ಷರವೇ ಇಲ್ಲ. ಪುಟ ಹರಿಯುವಷ್ಟು ಒತ್ತಿ ಎಳೆದ ಅಡ್ಡ ಗೆರೆ. ಪ್ರತಿಯೊಂದರ ಕೆಳಗೂ ತಾರೀಖು, ನನ್ನ ಸಹಿ.

"ಐದು ವಾರ, ಇವತ್ತಿಗೆ" ಎಂದರು ಡಾಕ್ಟರಮ್ಮ. "ಈ ಕೆಂಪು ಅಕ್ಷರ ಯಾರದ್ದು?"

"ನನ್ನದು."

ಅವರು ನನ್ನನ್ನು ನೋಡಿದರು, ಪುಟ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಐದು ವಾರದಿಂದ ಈ ಎದೆ ಇಟ್ಕೊಂಡು ಬೆಂಚು ಹತ್ತಿದ್ದೀರಾ? ಇವತ್ತು ಎರಡು ಸಲ?"

ನನ್ನ ಹೆಂಡತಿ ಕಂಬಿ ಬಿಟ್ಟು ಆ ಪುಟದ ಮೇಲೆ ಬಾಗಿದಳು. ಹುಡುಗಿಯೇ ಹೋಗಿ ಅವಳನ್ನು ಕುರ್ಚಿಗೆ ಕೂರಿಸಿದಳು.

ನನಗೆ ಆಗ ಸಾವಿನ ಭಯಕ್ಕಿಂತ ಬೇರೆ ಏನೋ ಆಯಿತು. ಅದಕ್ಕೆ ಹೆಸರು ಗೊತ್ತಿಲ್ಲ. ಬೆಳಿಗ್ಗೆ ಬೆಳಿಗ್ಗೆ ದೇವರನ್ನು ಕರೆಯುತ್ತಿದ್ದೆ, ಏನಾದರೂ ಹೇಳು ತಂದೆ ಎಂದು. ಅವನು ಐದು ವಾರ ಬಿಡದೆ ಹೇಳಿದ್ದ, ಸ್ಪಷ್ಟವಾದ ಅಂಕಿಯಲ್ಲಿ, ದುಂಡಗಿನ ಕೈಬರಹದಲ್ಲಿ. ನಾನು ಪ್ರತಿ ಸಲವೂ ಅವನ ಮಾತಿಗೆ ತಪ್ಪು ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದ್ದೆ.

"ಪೇಸ್‌ಮೇಕರ್ ಹಾಕ್ಬೇಕು. ಈಗ್ಲೇ ಒಳಗೆ ಕರ್ಕೊಂಡು ಹೋಗ್ತೀವಿ, ಕಾಯೋ ಹಾಗಿಲ್ಲ" ಎಂದರು ಡಾಕ್ಟರಮ್ಮ. ಇಬ್ಬರು ನರ್ಸ್‌ಗಳು ಮಂಚದ ಗಾಲಿಯ ತಡೆ ಬಿಡಿಸಿದರು.

ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಇಪ್ಪತ್ತೈದು ನಿಮಿಷ.

"ಒಂದು ನಿಮಿಷ ಡಾಕ್ಟ್ರೇ" ಎಂದೆ.

"ನಿಮಗೆ ನಿಮಿಷದ ಬೆಲೆ ಗೊತ್ತಾಗ್ಬೇಕಿತ್ತು ಇಷ್ಟು ಹೊತ್ತಿಗೆ."

"ಗೊತ್ತಾಗಿದೆ. ಅದ್ಕೇ ಕೇಳ್ತಿದ್ದೀನಿ. ಪೆನ್ನು ಕೊಡಿ ಯಾರಾದ್ರೂ."

ನರ್ಸಮ್ಮ ಜೇಬಿನಿಂದ ನೀಲಿ ಪೆನ್ನು ಕೊಟ್ಟರು. ಎದೆಯ ಮೇಲೆ ಫೈಲಿಟ್ಟುಕೊಂಡು ಅಂಕಪಟ್ಟಿ ತೆರೆದೆ. ಒಂದ್ನಿಮಿಷಳ ಸಂಖ್ಯೆಯ ಮುಂದಿನ ಸೊನ್ನೆ ಹೊಡೆದು ಹತ್ತು ಬರೆದೆ. ಗುರುವಾರದ ಐದು ಅಂಕಗಳನ್ನೂ ಹಾಗೇ ತಿದ್ದಿದೆ. ತಿದ್ದುವಿಕೆಗೆ ಕಾರಣ ಎಂಬ ಅಂಕಣದಲ್ಲಿ ಜಾಗ ಸಣ್ಣದು. 'ವಿದ್ಯಾರ್ಥಿನಿ ಸರಿಯಾಗಿ ಎಣಿಸಿದ್ದಾಳೆ. ಪರೀಕ್ಷಕನೇ ತಪ್ಪು' ಎಂದು ಬರೆಯುವಷ್ಟಿತ್ತು.

ಆಮೇಲೆ ಪೆನ್ನು ಲೀಡರ್‌ನ ಸಂಖ್ಯೆಯ ಮೇಲೆ ಬಂದು ನಿಂತಿತು. ಇವನನ್ನು ಹೀಗೆ ಮಾಡಿದವನು ನಾನು. ಬೋರ್ಡಿನ ಮೇಲೆ ಉತ್ತರ ಬರೆದಿಟ್ಟು ಪ್ರಶ್ನೆ ಕೇಳಿದವನು ನಾನು.

"ಬರೀರಿ ಸಾರ್" ಎಂದ ಅವನು ಗೋಡೆ ಬಿಟ್ಟು ಬಂದು. ಕಣ್ಣು ಕೆಂಪಾಗಿತ್ತು. "ನಂಗೆ ಆ ಸೊನ್ನೆ ಬೇಕು."

"ಮುಂದಿನ ತಿಂಗಳು ಮತ್ತೆ ಪರೀಕ್ಷೆ ಕೊಡ್ಬೇಕಾಗತ್ತೆ ಕಣಪ್ಪ."

"ಕೊಡ್ತೀನಿ ಸಾರ್. ನೀವು ಇರ್ಬೇಕು, ಅಷ್ಟೇ."

ಹತ್ತನ್ನು ಹೊಡೆದು ಸೊನ್ನೆ ಬರೆದೆ. ಬಲಗೈ ಹಿಡಿದಿದ್ದ ಉಳಿದ ಐವರ ಗುರುವಾರದ ಅಂಕಗಳನ್ನೂ ಹೊಡೆದೆ. ಕೆಳಗೆ ಮತ್ತೆ ಸಹಿ ಹಾಕಿದೆ. "ನಾಲ್ಕು ಗಂಟೆಯೊಳಗೆ ಪರೀಕ್ಷಾ ಕಚೇರಿಗೆ ಮುಟ್ಟಬೇಕು. ಯಾರು ಹೋಗ್ತೀರಿ?"

ಕೇಳುವ ಮುಂಚೆಯೇ ಲೀಡರ್ ಕೈ ಚಾಚಿದ್ದ. ಫೈಲನ್ನು ಎದೆಗೆ ಅವುಚಿಕೊಂಡು, ತಾನು ಫೇಲಾದ ಪಟ್ಟಿಯನ್ನು ತಾನೇ ಹೊತ್ತುಕೊಂಡು ಓಡಿದ. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಅವನ ಬೂಟಿನ ಸದ್ದು ಕೇಳಿಸುತ್ತಾ ಹೋಯಿತು. ಯಾರೋ "ಓಡ್ಬೇಡಿ, ಇದು ಆಸ್ಪತ್ರೆ!" ಎಂದು ಕೂಗಿದರು. ನನ್ನ ಮಂಚ ಇನ್ನೊಂದು ದಿಕ್ಕಿಗೆ ಹೊರಟಿತು. ಹುಡುಗಿಯ ಬೆರಳು ಬಾಗಿಲವರೆಗೂ ಮಣಿಕಟ್ಟಿನ ಮೇಲಿತ್ತು, ಬಾಗಿಲಲ್ಲಿ ನರ್ಸಮ್ಮ ಬಿಡಿಸಿದರು.

ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಹೆಗಲ ಕೆಳಗೆ ಪಟ್ಟಿ ಕಟ್ಟಿತ್ತು, ಅದರಡಿಯಲ್ಲಿ ಬೆಂಕಿಪೆಟ್ಟಿಗೆಗಿಂತ ಸಣ್ಣದೊಂದು ಯಂತ್ರ. ಮೇಲಂತಸ್ತಿನ ಕೂಗನ್ನು ಅದು ತಂತಿಯ ಮೂಲಕ ಕೆಳಗೆ ಮುಟ್ಟಿಸುತ್ತದಂತೆ. ಅಭ್ಯಾಸಬಲದಿಂದ ಬಲಗೈ ಬೆರಳು ಎಡ ಮಣಿಕಟ್ಟಿನತ್ತ ಹೊರಟಿತು. ಅರ್ಧ ದಾರಿಯಲ್ಲಿ ನಿಲ್ಲಿಸಿದೆ. ಧೈರ್ಯ ಬರಲಿಲ್ಲ. ಅವತ್ತು ಪ್ರಾರ್ಥನೆಯಲ್ಲಿ ಎಣಿಕೆಯಿಲ್ಲದೆ ಒಂದೇ ಒಂದು ಸಲ ಅವನ ಹೆಸರು ಹೇಳಿದೆ.

ಹೆಂಡತಿ ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಿದ್ದಳು. ಹತ್ತು ಗಂಟೆಗೆ ಒಂದ್ನಿಮಿಷ ಬಂದು ಬಾಗಿಲಲ್ಲಿ ನಿಂತಳು. ಪಟ್ಟಿ ನಾಲ್ಕಕ್ಕೆ ಹನ್ನೆರಡು ನಿಮಿಷ ಇರುವಾಗ ಕಚೇರಿ ಸೇರಿತು ಎಂದು ಹೇಳಿದಳು. ತಾನು ಪಾಸು ಎಂದು ಹೇಳಲಿಲ್ಲ.

"ಬಾರಮ್ಮ" ಎಂದೆ. ಎಡಗೈಯನ್ನು ಹೊದಿಕೆಯಿಂದ ಹೊರಗೆ ಚಾಚಿದೆ. "ಈ ಕೈ ನಿನಗೆ ಬರೆದುಕೊಟ್ಟಿದ್ದು."

ಅವಳು ಸ್ಟೂಲ್ ಎಳೆದು ಕೂತು, ಬೆರಳಿಟ್ಟು, ಗೋಡೆಯ ಗಡಿಯಾರ ನೋಡತೊಡಗಿದಳು. ಹತ್ತು ಸೆಕೆಂಡು ಕಳೆಯಿತು. ಇಪ್ಪತ್ತು. ಎಷ್ಟಿರಬೇಕು ಎಂದು ನನಗೊಂದು ಅಂದಾಜಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೆಂಡತಿ ಎಚ್ಚೆತ್ತು, "ಎಷ್ಟಮ್ಮಾ?" ಎಂದಳು.

"ಒಂದ್ನಿಮಿಷ ಆಂಟಿ."

ಆ ನಿಮಿಷದಷ್ಟು ಉದ್ದದ ನಿಮಿಷವನ್ನು ನಾನು ಯಾವ ಓಟದಲ್ಲೂ ಕಂಡಿರಲಿಲ್ಲ. ಮುಳ್ಳು ಸುತ್ತು ಮುಗಿಸಿತು.

"ಎಪ್ಪತ್ತನಾಲ್ಕು ಸಾರ್."

ಎಪ್ಪತ್ತನಾಲ್ಕು. ಬಸ್ಸಿಗೆ ಕಾಯುವ ಯಾರದ್ದೋ ನಾಡಿ. ಒಂದು ಕ್ಷಣ ಅಪರಿಚಿತನ ಕೈ ನನ್ನ ತೋಳಿಗೆ ಅಂಟಿಕೊಂಡಂತೆ ಬೆಚ್ಚಿಬಿದ್ದೆ.

"ನನ್ನ ನಾಡಿಗಿಂತ ಎರಡು ಜಾಸ್ತಿ!" ಎಂದಳು ಹೆಂಡತಿ, ಎರಡು ದಿನದಲ್ಲಿ ಮೊದಲ ಸಲ ಬಾಯಿ ತುಂಬ.

ಹುಡುಗಿ ನೀಲಿ ರಟ್ಟಿನ ಪುಸ್ತಕ ತೆರೆದು ತಾರೀಖು ಹಾಕಿದಳು. ಹನ್ನೆರಡು, ಹನ್ನೆರಡು, ಹದಿಮೂರು, ಹನ್ನೆರಡು, ಹದಿಮೂರು, ಹನ್ನೆರಡು. ಬರೆದು ಮುಗಿಸಿ, ಅಭ್ಯಾಸದಂತೆ ಪುಸ್ತಕವನ್ನು ಸಹಿಗೆಂದು ನನ್ನ ಮುಂದೆ ಹಿಡಿದಳು.

ನಾನು ಪುಟವನ್ನು ಎರಡು ಸಲ ಓದಿದೆ. ಪೆನ್ನು ಮುಟ್ಟದೆ ಪುಸ್ತಕ ಮುಚ್ಚಿ ಅವಳ ಕೈಗೇ ಕೊಟ್ಟೆ.